ಐವತ್ತು ಕಿಲೋದ ಒಳಗೆ

ಅಡುಗೆಮನೆಯಲ್ಲಿ 'ಟಕ್' ಎಂದಿತು. ಗಾಜಿನ ಬಾಟಲಿಯ ಮುಚ್ಚಳ ಬಿಚ್ಚಿಕೊಳ್ಳುವ ಸದ್ದು. ಇಷ್ಟಕ್ಕೆಲ್ಲ ನಮ್ಮ ಮನೆಯಲ್ಲಿ ಬೇರೆ ಯಾರಿಗೂ ಎಚ್ಚರವಾಗುವುದಿಲ್ಲ, ನನಗಾಗುತ್ತದೆ. ನನ್ನದು ಕೋಳಿನಿದ್ದೆ. ಪಕ್ಕದಲ್ಲಿ ಗಂಡ ಗೊರಕೆ ಹೊಡೆಯುತ್ತಿದ್ದರು. ಬರಿಗಾಲಲ್ಲೇ ಎದ್ದು ಹೋದೆ.

ದೀಪ ಹಚ್ಚಿರಲಿಲ್ಲ. ಫ್ರಿಜ್ಜಿನ ಬಾಗಿಲು ಅರ್ಧ ತೆರೆದಿತ್ತು. ಆ ಬೆಳಕಿನಲ್ಲಿ ನನ್ನ ಮಗಳು ನೆಲದ ಮೇಲೆ ಕೂತು ಪೀನಟ್ ಬಟರ್ ಬಾಟಲಿಗೆ ಚಮಚ ಇಳಿಸಿದ್ದಳು. ಬಟ್ಟೆ ಒಗೆಯುವ ಪುಡಿಯ ಹಿಂದೆ ನಾನು ಬಚ್ಚಿಟ್ಟಿದ್ದ ಬಾಟಲಿ. ನನಗೆ ಮೊದಲು ಸಮಾಧಾನವೇ ಆಯಿತು. ಕದ್ದಾದರೂ ತಿನ್ನಲಿ ಎಂದುಕೊಂಡು ಬಾಗಿಲಲ್ಲೇ ನಿಂತೆ.

ಅವಳು ಕಣ್ಣು ಮುಚ್ಚಿ ನಿಧಾನವಾಗಿ ಅಗಿದಳು. ತುಂಬಾ ಹೊತ್ತು ಅಗಿದಳು. ಆಮೇಲೆ ಎದ್ದು ಸಿಂಕಿನ ಮೇಲೆ ಬಾಗಿ ಎಲ್ಲವನ್ನೂ ಉಗಿದು, ಬಾಯಿ ಮುಕ್ಕಳಿಸಿ, ಮತ್ತೆ ಬಂದು ಕೂತು ಇನ್ನೊಂದು ಚಮಚ ತೆಗೆದಳು.

"ಇರುವೇ," ಎಂದು ಅವಳ ಅಡ್ಡಹೆಸರು ಹಿಡಿದು ಕರೆದೆ.

ಅವಳ ಕೈಯಿಂದ ಚಮಚ ಜಾರಿತು. "ನುಂಗಿಲ್ಲ ಅಮ್ಮಾ," ಎಂದಳು. ಅದೇ ಅವಳ ಮೊದಲ ಮಾತು. "ನಿನ್ನಾಣೆಗೂ ಒಂದು ಚೂರೂ ನುಂಗಿಲ್ಲ. ಬರೀ ರುಚಿ ನೋಡ್ದೆ ಅಷ್ಟೇ. ದೊಡ್ಡಪ್ಪಂಗೆ ಹೇಳ್ಬೇಡ."

ಹದಿನೇಳು ವರ್ಷದ ಹುಡುಗಿ. ತನ್ನ ಹೊಟ್ಟೆಗೆ ಏನೂ ಹೋಗಿಲ್ಲ ಎಂದು ತಾಯಿಯ ಮೇಲೆ ಆಣೆ ಇಡುತ್ತಿದ್ದಳು.

ಅವಳನ್ನು ಮಲಗಲು ಕಳಿಸಿ ಸಿಂಕು ತೊಳೆದೆ. ಹೆದರಿಕೆ ನನಗೆ ಹಳೆಯ ನೆಂಟ, ಬಂದರೆ ಚೆನ್ನಾಗಿ ಗುರುತಿಸುತ್ತೇನೆ. ಇದು ಅದಲ್ಲ. ಸ್ಟೀಲಿನ ನಾರು ಹಿಡಿದು ಸಿಂಕಿನ ಹೊಳಪೇ ಹೋಗುವ ಹಾಗೆ ಉಜ್ಜಿದೆ.

ನಮ್ಮದು ಎರಡು ಮಹಡಿಯ ಮನೆ. ಮೇಲೆ ಅತ್ತೆ, ನನ್ನ ಗಂಡ, ನಾನು, ಮಗಳು. ಕೆಳಗೆ ಭಾವನ, ಅಂದರೆ ಗಂಡನ ಅಣ್ಣನ, ಕುಸ್ತಿ ಶಾಲೆ. ಭಾವ ಮದುವೆಯಾಗಲಿಲ್ಲ. "ಅವನು ಕುಸ್ತಿನೇ ಕಟ್ಕೊಂಡಿದಾನೆ, ಆ ಹೆಂಡ್ತಿ ಜಗಳಗಂಟಿ ಬೇರೆ," ಎನ್ನುತ್ತಾರೆ ಅತ್ತೆ. ಅವರು ಮ್ಯಾಟಿನ ಪಕ್ಕದ ಕೋಣೆಯಲ್ಲಿ ಮಲಗುತ್ತಾರೆ, ಊಟಕ್ಕೆ ಮೇಲೆ ಬರುತ್ತಾರೆ. ಮನೆಯ ಯಜಮಾನಿಕೆ ಅವರದೇ. ಗಡಿಯಾರಗಳೂ ಅವರ ಮಾತಿನಂತೆ ನಡೆಯುತ್ತವೆ. ಯಾರೂ ಎಲ್ಲಿಗೂ ತಡವಾಗಿ ಹೋಗಬಾರದೆಂದು ಮನೆಯ ಎಲ್ಲ ಗಡಿಯಾರಗಳನ್ನೂ ಹತ್ತು ನಿಮಿಷ ಮುಂದೆ ಇಡಿಸಿದ್ದಾರೆ.

ಮಗಳು ಚಿಕ್ಕವಳಿದ್ದಾಗ ಒಂದು ದಿನ ತನಗಿಂತ ಎರಡರಷ್ಟು ಗಾತ್ರದ ಹುಡುಗನನ್ನು ಕೆಡವಿ ಅವನ ಎದೆಯ ಮೇಲೆ ಕೂತಿದ್ದಳು. ಭಾವ ಕುಣಿದಾಡಿಬಿಟ್ಟರು. "ಇವಳು ಇರುವೆ ಕಣೋ! ತನ್ನ ತೂಕಕ್ಕಿಂತ ಜಾಸ್ತಿ ಹೊರೋ ಜಾತಿ!" ಅಂದಿನಿಂದ ಅವಳು ಎಲ್ಲರಿಗೂ ಇರುವೆ. ಅವರು ಅವಳನ್ನು ಪ್ರೀತಿಸುವುದಿಲ್ಲವೆಂದು ನಾನು ಹೇಳುತ್ತಿಲ್ಲ. ಅವರು ಪ್ರೀತಿಸುತ್ತಿದ್ದ ಹುಡುಗಿಗೆ ಒಂದು ತೂಕವಿತ್ತು, ಅಷ್ಟೇ.

ಕಳೆದ ವರ್ಷ ಅವಳು ಎತ್ತರವಾದಳು, ಭುಜ ಅಗಲವಾಯಿತು. ಹೊಟ್ಟೆ ತುಂಬ ಉಂಡರೆ ಐವತ್ಮೂರು ಕಿಲೋ ತೂಗುವ ಮೈ. ಆದರೆ ಐವತ್ಮೂರರ ವರ್ಗದಲ್ಲಿ ಭಾವನ ಹೆಮ್ಮೆಯ ಶಿಷ್ಯೆ ಇದ್ದಳು, ಎದುರು ಬೀದಿಯ ಪೇಂಟರ್ ಮಗಳು. ಒಂದೇ ಶಾಲೆಯ ಇಬ್ಬರು ಒಂದೇ ವರ್ಗದಲ್ಲಿ ನಿಂತರೆ ಒಬ್ಬಳು ಇನ್ನೊಬ್ಬಳನ್ನು ಹೊರಗೆ ತಳ್ಳುತ್ತಾಳೆ. ಭಾವನಿಗೆ ತಂಡದಲ್ಲಿ ಇಬ್ಬರೂ ಬೇಕು. ಹಾಗಾಗಿ ನನ್ನ ಮಗಳು ಐವತ್ತರ ಒಳಗೇ ಇರಬೇಕು. ತಂಡದ ಆಯ್ಕೆ ಬರುವ ಭಾನುವಾರ.

ಆ ಐವತ್ತರ ಒಳಗೆ ಇರುವುದಕ್ಕೆ ಅವಳು ಏನೆಲ್ಲ ಮಾಡುತ್ತಿದ್ದಳೆಂದು ನಾನು ನೋಡುತ್ತಲೇ ಇದ್ದೆ. ಪ್ಲಾಸ್ಟಿಕ್ ಅಂಗಿ ತೊಟ್ಟು ಹಗ್ಗ ಹಾರುತ್ತಿದ್ದಳು. ಚೂಯಿಂಗ್ ಗಮ್ ಅಗಿದು ಬಾಯಲ್ಲಿ ಊರಿದ ನೀರನ್ನೆಲ್ಲ ಒಂದು ಬಾಟಲಿಗೆ ಉಗಿಯುತ್ತಿದ್ದಳು, ಅದರದೂ ತೂಕವಲ್ಲವೇ. ಮೊಟ್ಟೆಯ ಬಿಳಿ ಭಾಗ, ಸೌತೆಕಾಯಿ, ಅರ್ಧ ಲೋಟ ನೀರು. ಬಾಚಣಿಗೆಯ ತುಂಬ ಕೂದಲು. ಬಚ್ಚಲುಮನೆಯ ಕಪಾಟಿನಲ್ಲಿ ಅವಳ ಪ್ಯಾಡಿನ ಪೊಟ್ಟಣ ಮೂರು ತಿಂಗಳಿಂದ ಒಡೆಯದೆ ಹಾಗೇ ಇತ್ತು.

ನಾನು ಆಸ್ಪತ್ರೆಯಲ್ಲಿ ಆಹಾರತಜ್ಞೆ. ಯಾರು ಏನು ತಿನ್ನಬೇಕು, ಎಷ್ಟು ತಿನ್ನಬೇಕು ಎಂದು ಹೇಳುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಅತ್ತೆ ಒಮ್ಮೊಮ್ಮೆ, "ಊರಿಗೆ ಉಪಕಾರಿ, ಮನೆಗೆ ಮಾರಿ," ಎಂದು ನಗುತ್ತಾರೆ. ಈಚೆಗೆ ನನಗೆ ಅದು ನಗುವ ಮಾತೆನಿಸುತ್ತಿರಲಿಲ್ಲ.

ಬಾಟಲಿಯನ್ನು ಯಾಕೆ ಬಚ್ಚಿಟ್ಟಿದ್ದೆನೆಂದು ಹೇಳಬೇಕು. ಆ ರಾತ್ರಿಗೆ ನಾಲ್ಕು ದಿನ ಮೊದಲು ಬೆಳಗಿನ ತಿಂಡಿಗೆ ಮಗಳ ಬ್ರೆಡ್ಡಿಗೆ ಪೀನಟ್ ಬಟರ್ ಸವರಿ ಕೊಟ್ಟಿದ್ದೆ. ಭಾವ ಬಾಟಲಿಯನ್ನು ಎತ್ತಿ, ಕನ್ನಡಕ ಮೇಲೆ ಸರಿಸಿ ಓದಿದರು.

"ಇದೇನಮ್ಮಾ ಇದು?"

"ಕಡಲೆಕಾಯಿ ಭಾವ. ಹುರಿದು ನುಣ್ಣಗೆ ರುಬ್ಬಿರೋದು. ಬೇರೇನೂ ಹಾಕಿಲ್ಲ, ನೋಡೇ ತಂದಿದೀನಿ."

"ನೂರು ಗ್ರಾಮಲ್ಲಿ ಐವತ್ತು ಗ್ರಾಂ ಕೊಬ್ಬು ಅಂತ ಅವ್ರೇ ಅಚ್ಚು ಹಾಕ್ಸಿದಾರೆ. ಕಳ್ಳನೇ ತಪ್ಪು ಒಪ್ಕೊಂಡಿದಾನೆ, ನೀನು ಅವನ ಪರ ವಕೀಲಿ ಮಾಡ್ತಿದೀಯಲ್ಲ!"

ಗಂಡ ನಕ್ಕರು. ಮಗಳು ಬ್ರೆಡ್ಡನ್ನು ಕೈಯಲ್ಲೇ ಹಿಡಿದು ಕೂತಿದ್ದಳು.

"ನೂರು ಗ್ರಾಂ ಯಾರು ತಿಂತಾರೆ ಭಾವ? ಎರಡು ಚಮಚ. ಅದ್ರಲ್ಲೇ ಏಳು ಗ್ರಾಂ ಪ್ರೋಟೀನ್ ಸಿಗುತ್ತೆ. ಕೊಬ್ಬಿದೆ, ಇಲ್ಲ ಅನ್ನಲ್ಲ, ಅದ್ರಲ್ಲಿ ಮುಕ್ಕಾಲು ಪಾಲು ಹೃದಯಕ್ಕೆ ಒಳ್ಳೇ ಕೊಬ್ಬು. ಮೆಗ್ನೀಷಿಯಂ ಇದೆ, ವಿಟಮಿನ್ ಇ ಇದೆ. ಜೊತೆಗೆ ಒಂದು ಲೋಟ ಹಾಲು, ಒಂದು ಹಣ್ಣು ಕೊಟ್ರೆ ಮಧ್ಯಾಹ್ನದ ತನಕ ಹಸಿವು ತಡೀತಾಳೆ. ಬೆಳೆಯೋ ಹುಡುಗಿಗೆ ಕೊಬ್ಬು ಬೇಕು. ಸಿಗ್ಲಿಲ್ಲ ಅಂದ್ರೆ ಮೈ ಒಂದೊಂದೇ ಅಂಗಡಿ ಬಾಗಿಲು ಹಾಕ್ತಾ ಬರುತ್ತೆ."

"ಆಸ್ಪತ್ರೇಲಿ ಮಲಗಿರೋರಿಗೆ ಹೇಳೋದನ್ನ ಪೈಲ್ವಾನರಿಗೆ ಹೇಳ್ಬೇಡ. ಅವ್ರು ಬದುಕೋಕೆ ತಿಂತಾರೆ, ನಾವು ಗೆಲ್ಲೋಕೆ ಊಟ ಬಿಡ್ತೀವಿ."

"ಹಲ್ಲಿದ್ದೋರಿಗೆ ಕಡಲೆ ಇಲ್ಲ ಅಂತಾರೆ," ಅತ್ತೆ ಮೂಲೆಯ ಕುರ್ಚಿಯಿಂದ ಹೇಳಿದರು. "ಈ ಮನೇಲಿ ಹಲ್ಲೂ ಇದೆ, ಕಡಲೆನೂ ಇದೆ. ತಿನ್ನೋಕೆ ಅಪ್ಪಣೆ ಇಲ್ಲ ನೋಡು."

ಭಾವ ಅತ್ತೆಯ ಮಾತಿಗೂ ನಕ್ಕರು. ನಗುತ್ತಲೇ ಬಾಟಲಿಯನ್ನು ಕಸದ ಬುಟ್ಟಿಗೆ ಹಾಕಿದರು. ಮಗಳು ಕೈಯಲ್ಲಿದ್ದ ಬ್ರೆಡ್ಡನ್ನು ತಟ್ಟೆಯ ಅಂಚಿಗೆ ಇಟ್ಟಳು. ನನ್ನ ಗಂಡ ತಮ್ಮ ತಟ್ಟೆಯಲ್ಲಿ ಏನೋ ಬಿದ್ದುಹೋಗಿದೆಯೆನ್ನುವಂತೆ ಅದನ್ನೇ ನೋಡುತ್ತಿದ್ದರು.

ಆ ದಿನವೇ ಆಸ್ಪತ್ರೆಯಲ್ಲಿ ಒಬ್ಬ ಟೈಲರ್ ತನ್ನ ಮಗನನ್ನು ಕರೆದುಕೊಂಡು ಬಂದಿದ್ದ. ಹುಡುಗ ಮೈ ಬೆಳೆಸಬೇಕೆಂದು ಮೂರು ಹೊತ್ತೂ ಬ್ರೆಡ್ಡು ಪೀನಟ್ ಬಟರ್ ಬಿಟ್ಟು ಬೇರೇನೂ ತಿನ್ನುತ್ತಿರಲಿಲ್ಲ, ಅದೂ ಸಕ್ಕರೆ ಉಪ್ಪು ಬೆರೆಸಿದ್ದು. ಒಸಡಲ್ಲಿ ರಕ್ತ ಬರುತ್ತಿತ್ತು. ಅವನಿಗೆ ಬೈದೆ. ಇದರಲ್ಲಿ ಸಿ ವಿಟಮಿನ್ ಇಲ್ಲ, ಕ್ಯಾಲ್ಸಿಯಂ ಇದ್ದೂ ಇಲ್ಲದ ಹಾಗೆ, ಹಣ್ಣು ತರಕಾರಿ ಎಲ್ಲಿ, ಹಾಲು ಎಲ್ಲಿ ಎಂದೆ. ಅವನು ತಲೆಯಾಡಿಸಿ ಕೇಳಿಕೊಂಡು ಹೋದ. ಒಂದು ಬಾಟಲಿಯೇ ಊಟವಾಗುವುದಿಲ್ಲ, ಎರಡು ಚಮಚದಿಂದ ಯಾರೂ ಕೆಡುವುದಿಲ್ಲ. ಇಷ್ಟು ಸಣ್ಣ ಮಾತನ್ನು ಗುರುತಿಲ್ಲದ ಟೈಲರ್ ಮಗ ಕೇಳುತ್ತಾನೆ, ನನ್ನ ಮನೆಯ ಮೇಜಿನ ಮೇಲೆ ಅದಕ್ಕೆ ಮೂರು ಕಾಸಿನ ಬೆಲೆಯಿಲ್ಲ. ಸಂಜೆ ಇನ್ನೊಂದು ಬಾಟಲಿ ಕೊಂಡು ತಂದು ಒಗೆಯುವ ಪುಡಿಯ ಹಿಂದೆ ಇಟ್ಟೆ. ಅದು ಎಲ್ಲಿದೆಯೆಂದು ಮಗಳ ಕಿವಿಯಲ್ಲಿ ಹೇಳಿದ್ದೆ.

ಅವಳು ಉಗಿದ ರಾತ್ರಿ ಕಳೆದು ಬೆಳಗಾದ ಮೇಲೆ, ಗಂಡ ಕಾರ್ಖಾನೆಗೆ ಹೊರಡುವಾಗ ಬಾಗಿಲಿಗೆ ಅಡ್ಡ ನಿಂತೆ. ಅವರು ಕಬ್ಬಿಣ ಕಡೆಯುವ ಲೇತ್ ಯಂತ್ರದ ಮೇಲೆ ಕೆಲಸ ಮಾಡುವವರು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯನ್ನೂ ಬೆರಳಲ್ಲೇ ಹಿಡಿಯುತ್ತಾರೆ.

"ನಿಮ್ಮ ಮಗಳು ರಾತ್ರಿ ಬಾಯಿಗಿಟ್ಟಿದ್ದನ್ನ ಉಗಿದ್ಲು."

"ವಾಂತಿನಾ?"

"ವಾಂತಿ ಅಲ್ಲರೀ. ಅಗಿದು, ರುಚಿ ನೋಡಿ, ಉಗಿದ್ಲು. ಹಸಿವಾಗಿದೆ ಅವಳಿಗೆ. ನುಂಗೋಕೆ ಹೆದರಿಕೆ."

ಅವರು ಬೂಟಿನ ದಾರ ಕಟ್ಟುತ್ತಲೇ ಇದ್ದರು. "ಭಾನುವಾರದ ತನಕ ತಡ್ಕೋ ಕಣೆ. ಇದೊಂದು ಸಲ."

"ಇದೊಂದು ಸಲ ಅನ್ನೋದು ಎಷ್ಟನೇ ಸಲ?"

"ಅಣ್ಣಂಗೆ ಗೊತ್ತಿರಲ್ವಾ? ಎಷ್ಟು ಮಕ್ಕಳನ್ನ ತಯಾರು ಮಾಡಿದಾನೆ."

"ಅಣ್ಣಂಗೆ ಎಲ್ಲಾ ಗೊತ್ತು. ನಾನು ಓದಿದ್ದೇ ದಂಡ."

"ನೋಡು, ಶುರು ಮಾಡ್ದೆ, ಓದಿದ್ದು ಓದಿದ್ದು ಅಂತ," ಎಂದು ನನ್ನ ಪಕ್ಕದಿಂದ ನುಸುಳಿಕೊಂಡು ಮೆಟ್ಟಿಲಿಳಿದರು.

ಆ ಮಧ್ಯಾಹ್ನ ಮಗಳನ್ನು ಕಾಲೇಜಿನಿಂದ ನೇರವಾಗಿ ಆಸ್ಪತ್ರೆಗೆ ಕರೆಸಿಕೊಂಡೆ. ರಕ್ತ ತೆಗೆಯುವ ಲ್ಯಾಬಿನ ಅಕ್ಕ ಅವಳನ್ನು ಚಿಕ್ಕಂದಿನಿಂದ ನೋಡಿದವಳು.

"ಏನೇ ಪೈಲ್ವಾನ್, ರಕ್ತ ಎಲ್ಲಿ ಬಚ್ಚಿಟ್ಟಿದೀಯ? ಸೂಜಿ ಹುಡುಕ್ಕೊಂಡು ಅಲೀತಿದೆ," ಎಂದು ತೋಳು ತಟ್ಟಿದಳು. ಸ್ವಲ್ಪ ಹೊತ್ತಿಗೆ ಫಲಿತಾಂಶ ಬಂದಾಗ ಅವಳು ತಮಾಷೆ ಮಾಡಲಿಲ್ಲ. ಹನ್ನೆರಡಾದರೂ ಇರಬೇಕಾದ ಹಿಮೋಗ್ಲೋಬಿನ್ ಒಂಬತ್ತಕ್ಕಿಂತ ಕೆಳಗಿತ್ತು. "ಮನೇಲಿ ನೀನಿದ್ದೂ ಹೀಗಾ?" ಎಂದಳು ನನಗೆ. ಅವಳು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಕೆನ್ನೆಗೆ ಬಾರಿಸಿದ ಹಾಗಾಯಿತು.

ಹಾಗೇ ತೂಕವನ್ನೂ ನೋಡಿದೆವು. ಪರದೆಯ ಮೇಲೆ ನಲವತ್ತೊಂಬತ್ತು ಎಂದು ಬಂತು, ಬಟ್ಟೆಯ ಸಮೇತ.

ಮಗಳು ಇಳಿದಳು. ಮತ್ತೆ ಹತ್ತಿದಳು. "ಈ ಮಷೀನ್ ಕೆಟ್ಟಿದೆ ಅಮ್ಮಾ."

"ಹೋದ ವಾರ ತಾನೇ ಬಂದು ಪರೀಕ್ಷೆ ಮಾಡಿ ಹೋಗಿದಾರೆ."

"ಇಲ್ಲಮ್ಮಾ. ಬೆಳಿಗ್ಗೆ ಕೆಳಗೆ ಕಡ್ಡಿ ಎದ್ದಿತ್ತು. ದೊಡ್ಡಪ್ಪ ಹಗ್ಗ ಹಾರ್ಸಿದ್ರು, ಆಮೇಲೂ ಎದ್ದೇ ಇತ್ತು. ಐವತ್ತರ ಮೇಲಿದೀನಿ ನಾನು."

ಕೆಳಗಿನ ಶಾಲೆಯಲ್ಲಿರುವುದು ಹಳೆಯ ಕಾಲದ ತೂಕದ ಯಂತ್ರ. ನಿಲ್ಲಲು ಕೆಳಗೊಂದು ಹಲಗೆ, ಮೇಲೆ ಒಂದು ಉದ್ದನೆಯ ಕಡ್ಡಿ, ಕಡ್ಡಿಯ ಮೇಲೆ ಜಾರುವ ಗುಂಡು. ಭಾವ ಆ ಗುಂಡನ್ನು ಐವತ್ತರ ಗೆರೆಯಲ್ಲೇ ನಿಲ್ಲಿಸಿದ್ದರು, ಅದನ್ನು ಯಾರೂ ಮುಟ್ಟುವಂತಿಲ್ಲ. ಹತ್ತಿ ನಿಂತಾಗ ಕಡ್ಡಿ ಮಲಗಿದ್ದರೆ ಸರಿ, ಎದ್ದರೆ ಓಡಬೇಕು.

"ಪಂದ್ಯದ ದಿನ ಮಾತ್ರ ಯಾವಾಗ್ಲೂ ಒಂದು ಕಿಲೋ ಕಮ್ಮಿ ಬರುತ್ತೆ," ಎಂದಳು ಮಗಳು. "ನಮ್ಮ ಶಾಲೇಲಿ ಎಲ್ರಿಗೂ ಹಂಗೇ. ಭಯಕ್ಕೆ ಮೈ ಇಳಿಯುತ್ತೆ ಅಂತಾರೆ ದೊಡ್ಡಪ್ಪ."

ಆ ಮಾತನ್ನು ನಾನೂ ಎಷ್ಟೋ ಸಲ ಕೇಳಿದ್ದೆ. ಕೇಳಿ ನಂಬಿದ್ದೆ ಕೂಡ.

"ಇವತ್ತು ಯಾವ ಪಂದ್ಯ ಇದೆ?" ಎಂದೆ.

ಅವಳು ಮೂರನೆಯ ಸಲ ಹತ್ತಿ, ಕಾಲುಗಳ ನಡುವಿನ ಆ ಅಂಕಿಯನ್ನು ಬಗ್ಗಿ ನೋಡುತ್ತ ನಿಂತಳು.

ಸಂಜೆ ಅಭ್ಯಾಸ ಮುಗಿದು ಹುಡುಗಿಯರೆಲ್ಲ ಹೋದ ಮೇಲೆ ಕೆಳಗಿಳಿದೆ. ಬೆವರು, ರಬ್ಬರು, ಫಿನಾಯಿಲು ಬೆರೆತ ವಾಸನೆ. ಭಾವ ಮ್ಯಾಟು ಒರೆಸುತ್ತಿದ್ದರು. ನನ್ನ ಗಂಡ ಏಣಿಯ ಮೇಲೆ ನಿಂತು ಹಗ್ಗದ ಕೊಕ್ಕೆ ಬಿಗಿಮಾಡುತ್ತಿದ್ದರು. ನಾನು ಗೋಡೆಯ ಬದಿಗೆ ಹೋಗಿ, ಭಾರ ಎತ್ತುವ ಹತ್ತು ಕಿಲೋದ ಕಬ್ಬಿಣದ ಪ್ಲೇಟನ್ನು ಎರಡು ಕೈಯಲ್ಲಿ ಎತ್ತಿ ತಂದು ತೂಕದ ಯಂತ್ರದ ಮೇಲಿಟ್ಟೆ. ಗುಂಡನ್ನು ಐವತ್ತರಿಂದ ಹತ್ತಕ್ಕೆ ಎಳೆದೆ.

"ಏಯ್, ಗುಂಡು ಮುಟ್ಬೇಡಮ್ಮಾ!" ಎಂದರು ಭಾವ.

ಕಡ್ಡಿ ಎದ್ದಿತು. ಹನ್ನೊಂದಕ್ಕೆ ಸರಿಸಿದ ಮೇಲೆ ಮಲಗಿತು. ಸುತ್ತಲೂ ಗೋಡೆಯುದ್ದಕ್ಕೂ ಐದು, ಹತ್ತು, ಇಪ್ಪತ್ತು ಎಂದು ಅಚ್ಚೊತ್ತಿದ ಪ್ಲೇಟುಗಳನ್ನು ಜೋಡಿಸಿಟ್ಟಿದ್ದಾರೆ. ಇಷ್ಟು ವರ್ಷದಲ್ಲಿ ಅದರಲ್ಲಿ ಒಂದನ್ನು ಎತ್ತಿ ಈ ಹಲಗೆಯ ಮೇಲಿಟ್ಟು ನೋಡಬೇಕೆಂದು ಈ ಶಾಲೆಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಮನುಷ್ಯರನ್ನು ಮಾತ್ರ ತೂಗಿದ್ದರು.

"ತುಕ್ಕು ಹಿಡಿದಿರೋ ಪ್ಲೇಟು, ಅದರ ತೂಕ ಸರಿ ಇರುತ್ತಾ?" ಎಂದರು ಭಾವ, ಆದರೆ ಒರೆಸುವ ಕೋಲನ್ನು ಕೆಳಗಿಟ್ಟಿದ್ದರು.

ಪ್ಲೇಟನ್ನು ಇಳಿಸಿ ಯಂತ್ರವನ್ನು ಪಕ್ಕಕ್ಕೆ ವಾಲಿಸಿದೆ. ಹಲಗೆಯ ಅಡಿಗೆ, ಕಪ್ಪು ಟೇಪು ಸುತ್ತಿ, ಒಂದು ಕಿಲೋದ ಪುಟ್ಟ ಪ್ಲೇಟನ್ನು ಅಂಟಿಸಿದ್ದರು. ಟೇಪಿನ ಕೊನೆಯನ್ನು ಒಂದಿಷ್ಟು ಮಡಚಿ ಬಿಟ್ಟಿದ್ದರು.

ನನ್ನ ಗಂಡ ಎಲ್ಲಿ ಟೇಪು ಅಂಟಿಸಿದರೂ ಕೊನೆಯನ್ನು ಹಾಗೆ ಮಡಚುತ್ತಾರೆ. ಮುಂದಿನ ಸಲ ಉಗುರು ಹಾಕಿ ಹುಡುಕಬೇಕಾಗಿಲ್ಲವಲ್ಲ, ಅದಕ್ಕೆ. ಮಗಳ ಮೊಣಕೈಗೆ ಬ್ಯಾಂಡೇಜು ಸುತ್ತಿದಾಗಲೂ ಹಾಗೇ ಮಾಡುತ್ತಿದ್ದರು. ಆ ಒಂದು ಅಭ್ಯಾಸಕ್ಕಾಗಿಯೇ ನಾನು ಅವರ ಎಷ್ಟೋ ತಪ್ಪುಗಳನ್ನು ನುಂಗಿಕೊಂಡಿದ್ದೇನೆ. ಏಣಿಯ ಕಡೆ ತಿರುಗಿ ನೋಡಿದೆ. ಅವರು ಕೊಕ್ಕೆಯನ್ನೇ ನೋಡುತ್ತಿದ್ದರು.

"ನೀವಾ?" ಎಂದೆ.

"ಅಣ್ಣ ಹೇಳ್ದ," ಎಂದರು.

"ಅದ್ರಲ್ಲಿ ತಪ್ಪೇನಿದೆ?" ಭಾವ ಮುಂದೆ ಬಂದರು. ಅವರ ಮುಖದಲ್ಲಿ ಸಂಕೋಚವೇ ಇರಲಿಲ್ಲ, ಅದೇ ನನ್ನನ್ನು ಸುಟ್ಟಿತು. "ಮನೇಲಿ ಗಡಿಯಾರ ಹತ್ತು ನಿಮಿಷ ಮುಂದಿಲ್ವಾ? ಯಾವತ್ತಾದ್ರೂ ನಿಮ್ಮ ಬಸ್ಸು ತಪ್ಪಿದೆಯಾ? ಇದೂ ಹಾಗೇ. ಒಂದು ಕಿಲೋ ಕೈಲಿಟ್ಕೊಂಡು ಹೋದ್ರೆ ಆ ದಿನ ಎದೆ ಹೊಡ್ಕೊಳ್ಳಲ್ಲ. ಎಲ್ಲಾ ಅವಳ ಒಳ್ಳೇದಕ್ಕೇ."

"ಗಡಿಯಾರಕ್ಕೆ ಹಸಿವಾಗಲ್ಲ ಭಾವ."

"ದೊಡ್ಡ ಮಾತಾಡ್ಬೇಡ. ಒಂದು ಕಿಲೋ."

"ಒಂದು ಕಿಲೋನಾ? ಅವಳ ಮೈಯಲ್ಲಿ ರಕ್ತ ಇಲ್ಲ. ತಲೆ ಬಾಚಿದ್ರೆ ಕೂದಲು ಹಿಡಿಹಿಡಿ ಬರ್ತಿದೆ. ಮೂರು ತಿಂಗಳಿಂದ ಅವಳು ಮುಟ್ಟಾಗಿಲ್ಲ, ಗೊತ್ತಾ ನಿಮಗೆ? ತಿಂದದ್ದನ್ನ ನುಂಗೋಕೆ ಹೆದರಿ ಸಿಂಕಿಗೆ ಉಗೀತಿದಾಳೆ, ಗೊತ್ತಾ? ಎರಡು ಚಮಚ ಕಡಲೆಕಾಯಿಗೆ ನೀವು ನ್ಯಾಯಾಧೀಶರ ಥರ ತೀರ್ಪು ಕೊಟ್ರಿ. ಕೊಬ್ಬು ಅಂದ್ರಿ, ಕಳ್ಳ ಅಂದ್ರಿ. ಕಳ್ಳ ಈ ಹಲಗೆ ಕೆಳಗಿದ್ದ!"

ಭಾವನ ಮುಂದೆ ಆಡಬಾರದ ಮುಟ್ಟಿನ ಮಾತನ್ನು ಆಡಿದ್ದೆ. ಅವರು ಗೋಡೆಯ ಕಡೆ ಮುಖ ತಿರುಗಿಸಿದರು. ಗಂಡ, "ಏಯ್, ಮೆಲ್ಲಗೆ," ಎಂದರು. ಮದುವೆಯಾದಾಗಿನಿಂದ ಈ ಮನೆಯಲ್ಲಿ ನಾನು ಗಂಟಲೆತ್ತಿದವಳಲ್ಲ. ಆಡುವ ಮೊದಲು ಪ್ರತಿ ಮಾತನ್ನೂ ಎರಡು ಸಲ ತಿರುಗಿಸಿ ನೋಡುತ್ತಿದ್ದೆ. ಅಷ್ಟು ವರ್ಷ ತಿರುಗಿಸಿ ನೋಡಿದ್ದೆಲ್ಲ ಈಗ ಒಟ್ಟಿಗೆ ಬರುತ್ತಿತ್ತು.

"ಅವಳು ಐವತ್ಮೂರರಲ್ಲಿ ಆಡ್ಲಿ," ಎಂದೆ. "ಇಲ್ಲಾಂದ್ರೆ ಆಡೋದೇ ಬೇಡ."

"ಆಡ್ಲಿ, ಅದಕ್ಕೇನು! ಆ ದಿನ ಐವತ್ತು ದಾಟಿದ್ರೆ ಅವ್ರೇ ಮೇಲಿನ ವರ್ಗಕ್ಕೆ ಹಾಕ್ತಾರೆ. ಅಲ್ಲಿ ಪೇಂಟರ್ ಮಗಳು ಕಾಯ್ತಿರ್ತಾಳೆ. ಮುರಿದು ಕೈಗೆ ಕೊಡ್ತಾಳೆ. ಆಯ್ಕೆನೂ ಹೋಯ್ತು, ಇಷ್ಟು ವರ್ಷದ ಶ್ರಮನೂ ಹೋಯ್ತು. ಅದೇ ಬೇಕಾ ನಿನಗೆ?"

"ನನಗೆ ಮಗಳು ಬೇಕು."

"ಸಾಕು ಅಮ್ಮಾ." ಮೆಟ್ಟಿಲ ಮೇಲೆ ಮಗಳು ನಿಂತಿದ್ದಳು. ಅವಳ ಹಿಂದೆ ಗೋಡೆ ಹಿಡಿದುಕೊಂಡು ಅತ್ತೆ. "ನಾನು ಐವತ್ತರಲ್ಲೇ ಆಡ್ತೀನಿ. ಎಲ್ರೂ ಸುಮ್ನಿರಿ."

ಭಾವನ ಮುಖ ಅರಳಿತು. "ನೋಡಿದ್ಯಾ?" ಎಂದರು ನನಗೆ. ಮಗಳು ನನ್ನ ಕಡೆ ನೋಡದೆ ಮೇಲೆ ಹೋದಳು. ಅವಳ ಮೇಲೂ ನನಗೆ ಸಿಟ್ಟು ಬಂತು, ಆ ಸಿಟ್ಟು ಎಲ್ಲಕ್ಕಿಂತ ಹೆಚ್ಚು ಉರಿಯಿತು. ಅತ್ತೆ ಮಾತ್ರ ಅಲ್ಲೇ ನಿಂತು ಇಬ್ಬರು ಗಂಡುಮಕ್ಕಳನ್ನೂ ನೋಡಿ, "ನಿಮ್ಮಿಬ್ರಿಗೂ ಎದೆಹಾಲು ಕೊಡುವಾಗ ನಾನು ತಕ್ಕಡಿ ಹಿಡ್ಕೊಂಡು ಕೂತಿರ್ಲಿಲ್ಲ ಕಣ್ರೋ," ಎಂದು ಒಂದೊಂದೇ ಮೆಟ್ಟಿಲು ಹತ್ತಿದರು.

ಮರುದಿನ ಗಂಡ ಆ ಪ್ಲೇಟನ್ನು ತೆಗೆದರು. ನನಗೆ ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಒಂದೇ ಹಾಸಿಗೆಯ ಎರಡು ಅಂಚಿನಲ್ಲಿ ಮಲಗುತ್ತಿದ್ದೆವು.

ಶುಕ್ರವಾರ ಮಗಳು ಅಡುಗೆಮನೆಗೆ ಬಂದು ನನ್ನ ಬೆನ್ನ ಹಿಂದೆ ನಿಂತಳು. "ಅಮ್ಮಾ, ಎರಡು ಚಮಚ ಪೀನಟ್ ಬಟರ್ ತಿಂದ್ರೆ ಎಷ್ಟು ತೂಕ ಏರ್ತೀನಿ?"

ಸಿಡುಕಿನಿಂದಲೇ ಹೇಳಿದೆ. "ಎರಡು ಚಮಚದಷ್ಟು. ಮೂವತ್ತು ಗ್ರಾಂ. ತಿಂದದ್ದಕ್ಕೆ ಅದರದೇ ತೂಕ ತಾನೇ, ಇನ್ನೇನು ಮಂತ್ರ ಇದೆಯಾ?"

"ಅಷ್ಟೇನಾ?"

"ಅಷ್ಟೇ. ಒಂದು ದೊಡ್ಡ ಲೋಟ ನೀರು ಅದರ ಎಂಟರಷ್ಟು ತೂಗುತ್ತೆ. ಒಂದು ಲೀಟರ್ ಕುಡಿದ್ರೆ ಆ ಕ್ಷಣಕ್ಕೆ ಒಂದು ಕಿಲೋ. ಆದ್ರೆ ನೀರಲ್ಲಿ ಪುಷ್ಟಿ ಏನಿದೆ? ಒಂದು ಗಂಟೆಗೆ ಹೊರಗೆ ಹೋಗುತ್ತೆ. ಪೀನಟ್ ಬಟರ್ ಒಳಗೆ ನಿಂತು ಕೆಲಸ ಮಾಡುತ್ತೆ. ತೂಕ ಬೇರೆ, ಪುಷ್ಟಿ ಬೇರೆ. ಇದನ್ನ ನಿಮ್ಮ ದೊಡ್ಡಪ್ಪ ಸಾಯೋ ತನಕ ಒಪ್ಪಲ್ಲ."

ಅವಳು ಏನೋ ಲೆಕ್ಕ ಹಾಕುತ್ತಿದ್ದ ಹಾಗಿತ್ತು. ಆಮೇಲೆ ಕುರ್ಚಿ ಎಳೆದು ಕೂತಳು. "ಹಂಗಾದ್ರೆ ಕೊಡು."

ಬ್ರೆಡ್ಡಿಗೆ ದಪ್ಪಗೆ ಸವರಿ, ಮೇಲೆ ಬಾಳೆಹಣ್ಣು ಹೆಚ್ಚಿ ಹಾಕಿ, ಹಾಲಿನ ಲೋಟದ ಜೊತೆ ಮುಂದಿಟ್ಟೆ. ಭಾವ ತಿಂಡಿಗೆ ಬಂದು ಎದುರಿಗೇ ಕೂತರು. ಅವಳು ಅವರ ಮುಖ ನೋಡುತ್ತಲೇ ತಿಂದಳು, ನುಂಗಿದಳು, ಬೆರಳು ನೆಕ್ಕಿದಳು. ಭಾವ, "ಒಂದು ಕಿಲೋ ಜಾಗ ಇದೆ, ತಿನ್ನು," ಎಂದರು, ತಾವೇ ದಾನ ಕೊಟ್ಟವರ ಹಾಗೆ. ನನ್ನ ಕೈಯಲ್ಲಿ ಸವರುವ ಚಾಕು ಇತ್ತು. ಅದನ್ನು ಸಿಂಕಿನಲ್ಲಿ ಹಾಕಿ ಹೊರಗೆ ಹೋದೆ.

ಭಾನುವಾರ ಆಯ್ಕೆ ನಡೆದದ್ದು ಒಂದು ಒಳಾಂಗಣ ಕ್ರೀಡಾಂಗಣದಲ್ಲಿ. ತೂಗುವ ಕೋಣೆಯ ಮುಂದೆ ಹುಡುಗಿಯರು ಸಾಲು ನಿಂತಿದ್ದರು, ತುಟಿ ಒಣಗಿ, ಕಣ್ಣು ಒಳಗೆ ಹೋಗಿ. ಎಷ್ಟೊಂದು ಮಂದಿಯ ಮಕ್ಕಳು ಎನಿಸಿತು. ಸಾಲು ಇನ್ನೂ ಉದ್ದವಿದ್ದಾಗ ನನ್ನ ಮಗಳು ಹೆಗಲಿಗೆ ಚೀಲ ಹಾಕಿಕೊಂಡು ಹೆಂಗಸರ ಶೌಚಾಲಯದ ಕಡೆ ಹೋದಳು. ನಾನು ಹಿಂದೆ ಹೋದೆ. ಅವಳು ಮತ್ತೆ ಉಗಿಯುತ್ತಾಳೇನೋ ಎಂಬ ಭಯ.

ಅವಳು ಕೈ ತೊಳೆಯುವ ನಲ್ಲಿಯ ಮುಂದೆ ನಿಂತು ಬಾಟಲಿ ತುಂಬಿಸಿ ಕುಡಿಯುತ್ತಿದ್ದಳು. ಖಾಲಿಯಾಯಿತು, ಮತ್ತೆ ತುಂಬಿಸಿದಳು. ಗಂಟಲು ಏರಿಳಿಯುತ್ತಿತ್ತು, ಗಲ್ಲದಿಂದ ನೀರು ಇಳಿದು ಅಂಗಿ ಒದ್ದೆಯಾಗುತ್ತಿತ್ತು. ಎರಡನೆಯ ಬಾಟಲಿ ಮುಗಿಯುವ ಹೊತ್ತಿಗೆ ಕನ್ನಡಿಯಲ್ಲಿ ನನ್ನನ್ನು ನೋಡಿದಳು.

ಹೊರಗೆ ಯಾರೋ ಬರುವ ಹೆಜ್ಜೆ ಕೇಳಿಸಿತು. ನಾನು ಹಿಂದಕ್ಕೆ ಸರಿದು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಬಾಗಿಲು ತಳ್ಳಿದವಳಿಗೆ, "ಸ್ವಲ್ಪ ತಡಿ ಮಗೂ, ಒಳಗೆ ಒದ್ದೆ ಇದೆ," ಎಂದೆ.

ಮಗಳು ಮತ್ತೆ ಬಾಟಲಿಯನ್ನು ನಲ್ಲಿಗೆ ಹಿಡಿದಳು.

"ಅರ್ಧ ಸಾಕು," ಎಂದೆ. "ಇದಕ್ಕಿಂತ ಜಾಸ್ತಿ ಕುಡಿದ್ರೆ ತಲೆ ಸುತ್ತುತ್ತೆ."

ಅವಳು ಅರ್ಧ ಕುಡಿದು ಬಾಯಿ ಒರೆಸಿಕೊಂಡಳು. "ನಾನೇ ಐವತ್ತರಲ್ಲಿ ಆಡಲ್ಲ ಅಂದಿದ್ರೆ ದೊಡ್ಡಪ್ಪ ಅಪ್ಪನ್ನ ಬೈತಿದ್ರು, ಅಪ್ಪ ನಿನ್ನನ್ನ," ಎಂದು ಗೊಣಗಿ, ಚೀಲ ಎತ್ತಿಕೊಂಡು ನನ್ನ ಪಕ್ಕದಿಂದ ಹೊರಗೆ ಹೋದಳು.

ತೂಕ ಐವತ್ತು ಕಿಲೋ ಒಂಬೈನೂರು ಗ್ರಾಂ ಬಂತು.

"ಐವತ್ತಕ್ಕೆ ಆಗಲ್ಲ. ಮೇಲಿನ ವರ್ಗಕ್ಕೆ ಬರ್ಕೊಳ್ಲಾ?" ಎಂದರು ತೂಗುವವರು.

"ಬರ್ಕೊಳ್ಳಿ," ಎಂದಳು ಮಗಳು.

"ಸಾಧ್ಯನೇ ಇಲ್ಲ!" ಭಾವ ಕೋಣೆಯ ಬಾಗಿಲಿನಿಂದಲೇ ಕೂಗಿದರು. "ನಿಮ್ಮ ಮಷೀನ್ ಸರಿಯಿಲ್ಲ! ಬೆಳಿಗ್ಗೆ ನಾನೇ ತೂಗಿದೀನಿ, ನಮ್ಮ ಮಷೀನಲ್ಲಿ…" ಅಷ್ಟಕ್ಕೇ ಅವರ ಕಣ್ಣು ನನ್ನ ಮೇಲೆ ಬಿತ್ತು.

ಅವಳು ಮೊದಲ ಕುಸ್ತಿ ಗೆದ್ದಳು. ಎರಡನೆಯದರಲ್ಲಿ ಪೇಂಟರ್ ಮಗಳು ಎದುರಾದಳು. ಇಬ್ಬರೂ ದಿನಾ ಜೊತೆಗೇ ಅಭ್ಯಾಸ ಮಾಡುವವರು, ಒಬ್ಬಳ ಪಟ್ಟು ಇನ್ನೊಬ್ಬಳಿಗೆ ಬಾಯಿಪಾಠ. ನನ್ನ ಮಗಳು ಕೊನೆಯ ತನಕ ತನ್ನ ಬೆನ್ನನ್ನು ನೆಲಕ್ಕೆ ಮುಟ್ಟಗೊಡಲಿಲ್ಲ, ಆದರೆ ಎರಡು ಅಂಕದಿಂದ ಸೋತಳು. ಪೇಂಟರ್ ಮಗಳು ತಂಡಕ್ಕೆ ಆಯ್ಕೆಯಾದಳು. ಇವಳು ಅವಳ ತಲೆಗೆ ಒಂದು ಮೊಟಕಿ, "ಮುಂದಿನ ವರ್ಷ ನೋಡ್ಕೋತೀನಿ ಕಣೇ," ಎಂದು ಬಂದು ನನ್ನ ಪಕ್ಕ ಕೂತು ಅತ್ತಳು. ಅವಳಿಗೆ ಸೋಲು ಹಗುರವಾಗಿರಲಿಲ್ಲ. ಹಗುರವಾಗಿತ್ತೆಂದು ನಾನು ಸುಳ್ಳು ಹೇಳಲಾರೆ.

ಮನೆಗೆ ಬಂದ ಮೇಲೆ ಗುಡುಗು ನನ್ನ ಮೇಲೆ ಬಿತ್ತು.

"ಇವಳೇ ಕೆಡಿಸಿದ್ದು," ಭಾವ ಅತ್ತೆಗೆ ಹೇಳುತ್ತಿದ್ದರು, ನನಗೆ ಕೇಳಿಸಲೆಂದೇ. "ಶುಕ್ರವಾರದಿಂದ ಶುರು ಮಾಡಿದ್ಳು, ಬೆಣ್ಣೆ ಬಾಳೆಹಣ್ಣು ಹಾಲು. ಮಗೂನ ಗುಟ್ಟಾಗಿ ತಿನ್ಸಿ ತಿನ್ಸಿ ಎರಡು ಕಿಲೋ ಏರ್ಸಿದಾಳೆ. ನಾಳೆ ಇನ್ನು ಎಲ್ರೂ ಕೇಳ್ತಾರೆ, ಏನಂತ ಹೇಳ್ಲಿ? ನಮ್ಮ ಮನೆ ಓದಿದ ಸೊಸೆ ಒಂದು ಬಾಟಲಿ ಪೀನಟ್ ಬಟರಲ್ಲಿ ನಮ್ಮನ್ನ ಸೋಲಿಸಿದ್ಳು ಅಂತ ಹೇಳ್ತೀನಿ."

ಮಗಳು ತನ್ನ ಕೋಣೆಯ ಬಾಗಿಲಿಗೆ ಬಂದಳು. ಮುಖ ಬಿಳಿಚಿತ್ತು, ಬಾಯಿ ತೆರೆದಿದ್ದಳು. ಹೇಳಿಬಿಡುತ್ತಾಳೆಂದು ನನಗೆ ತಿಳಿಯಿತು. ನಾನು ಅವಳನ್ನೇ ನೋಡಿ, ಅವಳಿಗೆ ಕಾಣುವಷ್ಟೇ, ಬೇಡವೆಂದು ತಲೆಯಲ್ಲಾಡಿಸಿದೆ.

"ನೀನು ಕೈಕಾಲು ತೊಳ್ಕೊಂಡು ಬಾ, ತಟ್ಟೆ ಹಾಕ್ತೀನಿ," ಎಂದೆ.

ಗಂಡ ನನ್ನ ಹಿಂದೆಯೇ ಅಡುಗೆಮನೆಗೆ ಬಂದರು. ಧ್ವನಿ ತಗ್ಗಿಸಿ ಕೇಳಿದರು. "ನಿಜ ಹೇಳು. ಏನು ತಿನ್ಸಿದೆ? ಎರಡು ದಿನದಲ್ಲಿ ಹಂಗೆ ಏರಲ್ಲ, ಅಷ್ಟು ನಂಗೂ ಗೊತ್ತಾಗುತ್ತೆ. ನನ್ನ ಹತ್ರ ಹೇಳು, ಅಣ್ಣಂಗೆ ನಾನು ಹೇಳಲ್ಲ."

ಅವರ ಕಣ್ಣಲ್ಲಿ ಬೇಡಿಕೆ ಇತ್ತು. ಈ ಒಂದು ಗುಟ್ಟು ಹಂಚಿಕೊಂಡರೆ ಹಾಸಿಗೆಯ ಅಂಚಿನಿಂದ ಇಬ್ಬರೂ ಒಂದಿಷ್ಟು ಒಳಕ್ಕೆ ಸರಿಯಬಹುದೆಂದು ಅವರಿಗೂ ಅನಿಸಿರಬೇಕು, ನನಗೂ ಅನಿಸಿತು. ಆದರೆ ಅಣ್ಣ ಎರಡನೆಯ ಸಲ ಕೇಳಿದರೆ ಇವರು ಹೇಳಿಬಿಡುತ್ತಾರೆ. ಹೇಳಿದ ಮರುಕ್ಷಣ ನನ್ನ ಮಗಳು ಇರುವೆಯಾಗಿ ಉಳಿಯುವುದಿಲ್ಲ, ಬೇಕೆಂದೇ ಸೋತವಳಾಗುತ್ತಾಳೆ. ಮುಂದಿನ ವರ್ಷ ಅವಳನ್ನು ಮ್ಯಾಟಿನ ಮೇಲೆ ಯಾರೂ ನಿಲ್ಲಿಸುವುದಿಲ್ಲ. ನನ್ನ ಮೇಲೆ ಬಂದ ಮಾತು ನನ್ನ ಮೇಲೇ ಇರಲಿ. ಹೊತ್ತುಕೊಂಡರೆ ನನಗೇನೂ ಕಮ್ಮಿಯಾಗುವುದಿಲ್ಲ.

"ಏನು ತಿನ್ಸಿದೆ ಅಂತ ಎಲ್ರೂ ನೋಡಿದಾರಲ್ಲ," ಎಂದೆ. "ಬ್ರೆಡ್ಡು, ಹಾಲು, ಹಣ್ಣು, ಎರಡು ಚಮಚ ಪೀನಟ್ ಬಟರ್. ನಾಳೆನೂ ಅದನ್ನೇ ಕೊಡ್ತೀನಿ."

ನಾನು ಅವರಿಗೆ ಬೆನ್ನು ಮಾಡಿ ತಟ್ಟೆಗಳನ್ನು ಇಳಿಸತೊಡಗಿದೆ. ಆ ನಲ್ಲಿಯ ಮುಂದೆ ನಡೆದದ್ದನ್ನು ಇವರಿಗೆ ಹೇಳುವುದಿಲ್ಲ, ಅತ್ತೆಗೆ ಹೇಳುವುದಿಲ್ಲ, ಲ್ಯಾಬಿನ ಅಕ್ಕನಿಗೂ ಹೇಳುವುದಿಲ್ಲ. ಮಗಳ ಜೊತೆಯೂ ಆ ಮಾತನ್ನು ಎತ್ತುವುದಿಲ್ಲ ಎಂದು ನಿರ್ಧರಿಸಿದೆ.